ಡೋಣಿ ನೀರು ಉಪ್ಪು, ಡೋಣಿ ಸಾಲಿನ ಜೋಳ ಯಾಕೆ ಅಷ್ಟು ಹುಲುಸು?

ಪ್ರಶ್ನೆ: ವಿಜಯಪುರ ಜಿಲ್ಲೆಯ ಡೋಣಿ ನದಿಯ ನೀರು ಬಾಯಿಗಿಡೋಕೆ ಆಗದಷ್ಟು ಉಪ್ಪು ಅಂತಾರೆ. ಹಾಗಿದ್ದರೆ ಅದರ ದಂಡೆಯಲ್ಲಿ ಅಷ್ಟೊಂದು ಬಿಳಿಜೋಳ ಹೇಗೆ ಬೆಳೆಯುತ್ತದೆ?

ಆ ಕಡೆಗೆ ಹೊಸದಾಗಿ ಹೋದವರೆಲ್ಲ ಕೇಳುವ ಪ್ರಶ್ನೆ ಇದು. ಉತ್ತರ ಇಷ್ಟೇ: ಆ ಜೋಳ ಡೋಣಿಯ ನೀರನ್ನು ಕುಡಿಯುವುದೇ ಇಲ್ಲ.

ಮಹಾರಾಷ್ಟ್ರದ ಜತ್ತ ಸೀಮೆಯಲ್ಲಿ ಹುಟ್ಟುವ ಡೋಣಿ, ವಿಜಯಪುರ ಜಿಲ್ಲೆಯನ್ನು ಅಡ್ಡ ಹಾಯ್ದು, ಸಾರವಾಡ, ತಾಳಿಕೋಟೆ ದಾಟಿ ಕೃಷ್ಣೆಗೆ ಸೇರುತ್ತದೆ. ದಾರಿಯುದ್ದಕ್ಕೂ ನೆಲ ಹಾಸಿದ ಜಮಖಾನೆಯಂತೆ ಸಪಾಟು. ನದಿಗೆ ಓಟವೇ ಇಲ್ಲ, ಅಂಕುಡೊಂಕಾಗಿ ತೆವಳುತ್ತದೆ.

ಉಪ್ಪಿನ ಮೂಲವೂ ಇಲ್ಲೇ ಇದೆ. ಕೆಳಗಿರುವುದು ಕಪ್ಪು ಬಸಾಲ್ಟ್ ಬಂಡೆ. ಅದು ಸವೆದಂತೆಲ್ಲ ಲವಣ ಬಿಡುತ್ತದೆ. ಜಾಸ್ತಿ ಮಳೆಯ ಸೀಮೆಯಾಗಿದ್ದರೆ ಅದು ತೊಳೆದು ಹೋಗುತ್ತಿತ್ತು. ಇಲ್ಲಿ ಮಳೆ ಕಮ್ಮಿ, ಮಣ್ಣು ಜಿಗುಟು, ನೀರು ಬಸಿಯುವುದಿಲ್ಲ. ಬೇಸಿಗೆಯಲ್ಲಿ ನೀರು ಆರಿ ಹೋಗಿ ಉಪ್ಪು ಉಳಿಯುತ್ತದೆ. ತಗ್ಗಿನ ಜಾಗದಲ್ಲಿ ಬಿಳಿ ಪೊರೆ ಕಟ್ಟಿದ್ದನ್ನು ಕಣ್ಣಾರೆ ನೋಡಬಹುದು. ಹೊಳೆ ತುಂಬಿ ಬಂದಾಗ ಮಾತ್ರ ಉಪ್ಪು ತೆಳುವಾಗುತ್ತದೆ.

ಇನ್ನು ಜೋಳದ ಮಾತು. ಡೋಣಿ ಸಾಲಿನ ಎರೆ ಮಣ್ಣು, ಅಂದರೆ ಜಿಗುಟಾದ ಕರಿ ಮಣ್ಣು, ಆಳವಾದದ್ದು. ಒಣಗಿದಾಗ ಕೈ ಇಳಿಯುವಷ್ಟು ಬಾಯಿ ಬಿಡುತ್ತದೆ. ಮಳೆ ಬಿದ್ದರೆ ನೀರು ಆ ಬಿರುಕಿನಿಂದಲೇ ನೇರ ಕೆಳಗಿಳಿಯುತ್ತದೆ. ಮಣ್ಣು ಉಬ್ಬಿ ಬಾಯಿ ಮುಚ್ಚುತ್ತದೆ, ಹಸಿ ಒಳಗೇ ಉಳಿಯುತ್ತದೆ. ಅದಕ್ಕೇ ಇಲ್ಲಿನ ಎಷ್ಟೋ ರೈತರು ಮುಂಗಾರಿಯಲ್ಲಿ ಹೊಲ ಖಾಲಿ ಬಿಟ್ಟು, ಸುಮ್ನೆ ಕುಂಟೆ ಹೊಡೆಯುತ್ತಾ ಇರುತ್ತಾರೆ. ನೋಡುವವರಿಗೆ ಭೂಮಿ ಹಾಳು ಬಿಟ್ಟಂತೆ ಕಾಣುತ್ತದೆ. ನಿಜಕ್ಕೂ ಅವರು ನೀರು ಕೂಡಿಡುತ್ತಿರುತ್ತಾರೆ. ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿನ ಉತ್ತರಿ, ಹಸ್ತ ಮಳೆಗೆ ಕೂರಿಗೆ ಹಿಡಿದು ಹಿಂಗಾರಿ ಜೋಳ ಬಿತ್ತುತ್ತಾರೆ. ಹೆಚ್ಚಾಗಿ ಮಾಲದಂಡಿ ತಳಿ. ನಡುನಡುವೆ ಕುಸುಬೆ ಸಾಲು.

ಆಮೇಲೆ ಒಂದೆರಡು ಹದ ಮಳೆಯಾದರೆ ಅದೃಷ್ಟ, ಆಗದಿದ್ದರೂ ಬೆಳೆ ನಡೆಯುತ್ತದೆ. ಜನವರಿಯಲ್ಲಿ ಅಂಥ ಹೊಲದಲ್ಲಿ ಗುದ್ದಲಿ ಹಾಕಿ ನೋಡಿ. ಮೇಲೆ ಪುಡಿ ಮಣ್ಣು, ಅದರಡಿ ಗಟ್ಟಿ ಹೆಂಟೆ, ಇನ್ನೂ ಕೆಳಗೆ ಮುರಿದರೆ ಕೈಗೆ ತಂಪು ತಾಗುವ ಕರಿ ಮಣ್ಣು. ಜೋಳದ ಬೇರು ಅಲ್ಲಿಗೇ ಇಳಿದಿರುತ್ತದೆ. ಸಾಲದ್ದಕ್ಕೆ, ಜೋಳ ಸ್ವಲ್ಪ ಸವಳನ್ನೂ, ಅಂದರೆ ಮಣ್ಣಿನ ಉಪ್ಪನ್ನೂ, ತಾಳಿಕೊಳ್ಳುವ ಬೆಳೆ.

ಹಾಗಾದರೆ ‘ಡೋಣಿ ಹರಿದರೆ ಓಣಿಯೆಲ್ಲ ಜೋಳ’ ಅಂತ ಹಿರಿಯರು ಅಂದದ್ದು ಸುಳ್ಳಾ? ಅಲ್ಲ. ಡೋಣಿ ಹರಿಯಿತು ಅಂದರೆ ಸೀಮೆಗೆಲ್ಲ ಮಳೆ ಆಗಿದೆ, ಎರೆ ಹೊಲ ಹೊಟ್ಟೆ ತುಂಬಾ ಕುಡಿದಿದೆ ಅಂತ ಅರ್ಥ. ನದಿ ಇಲ್ಲಿ ಸುದ್ದಿ ಹೇಳುತ್ತದೆ, ನೀರುಣಿಸುವುದು ಮಣ್ಣು. ಆದರೆ ಹೂಳು, ಜಾಲಿ ತುಂಬಿದ ಹೊಳೆ ಉಕ್ಕಿ ಹೊಲದಲ್ಲೇ ನಿಂತರೆ ಬಿತ್ತಿದ್ದೂ ಕೊಳೆಯುತ್ತದೆ.

ಈ ಪ್ರಶ್ನೆ ಕೇಳಿದವರು ದಂಡೆಯಲ್ಲಿ ಜಮೀನು ಕೊಳ್ಳುವವರಾಗಿದ್ದರೆ ಒಂದು ಮಾತು. ಬೇಸಿಗೆಯಲ್ಲಿ ಹೊಳೆಗೆ ಮೋಟಾರ್ ಇಳಿಸಿ ಎರೆ ಹೊಲಕ್ಕೆ ನೀರು ಹಾಯಿಸಬೇಡಿ. ಕಾಲುವೆಯ ಸಿಹಿ ನೀರನ್ನೂ ಅತಿಯಾಗಿ ಬಿಟ್ಟರೆ ಅಡಿಯ ಉಪ್ಪು ಮೇಲೇರಿ ಹೊಲ ಸವಳಾಗುತ್ತದೆ. ಮೊದಲು ಮಣ್ಣು, ನೀರು ಎರಡನ್ನೂ ಕೃಷಿ ವಿಜ್ಞಾನ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿ. ಹೆಚ್ಚಿನ ನೀರು ಹೊರಹೋಗುವ ಬಸಿಗಾಲುವೆ ತೋಡಲು ಇಳಿಜಾರು ಯಾವ ಕಡೆಗಿದೆ ಅಂತಲೂ ನೋಡಿಕೊಳ್ಳಿ.