ಪುತ್ತೂರಿಗೆ ದಾಟಿದ ರಜೆ

ಕಳೆದ ಆಟಿ ತಿಂಗಳ ಒಂದು ರಾತ್ರಿ. ಕೇರಳದ ಬದಿಯಡ್ಕದ ನಮ್ಮ ಮನೆಯಲ್ಲಿ ಕರೆಂಟಿಲ್ಲ, ಹೊರಗೆ ಜಡಿಮಳೆ. ನೆರೆಮನೆಯವರು ಮಲಯಾಳದ ಸಂದೇಶವೊಂದನ್ನು ಕಳಿಸಿದರು: ನಾಳೆ ಕಾಸರಗೋಡು ಜಿಲ್ಲೆಯ ಶಾಲೆಗಳಿಗೆ ರಜೆ. ಕನ್ನಡಕ್ಕೆ ತಿರುಗಿಸಿ ಕುಟುಂಬದ ಗ್ರೂಪಿಗೆ ಹಾಕಿದೆ. ಅವಸರದಲ್ಲಿ ಜಿಲ್ಲೆಯ ಹೆಸರೇ ಬಿಟ್ಟುಹೋಯಿತು. ಅರ್ಧ ಗಂಟೆಯೊಳಗೆ ಪುತ್ತೂರಿನ ಚಿಕ್ಕಮ್ಮನ ಫೋನು: "ನಾಳೆ ರಜೆ ಹೌದಾ ಮಾರಾಯ? ಇಲ್ಲಿ ಮಕ್ಕಳು ಪುಸ್ತಕ ಮಡಚಿಟ್ಟಾಯಿತು." ಪುತ್ತೂರು ಕರ್ನಾಟಕದ್ದು, ಅಲ್ಲಿ ರಜೆ ಸಾರುವ ಜಿಲ್ಲಾಧಿಕಾರಿಯೇ ಬೇರೆ.

ಸುದ್ದಿ ಹಬ್ಬುವುದನ್ನು ಸಾಂಕ್ರಾಮಿಕ ರೋಗಕ್ಕೆ ಹೋಲಿಸುವುದು ವಾಡಿಕೆ. ಲೆಕ್ಕವೂ ಒಂದು ಮಟ್ಟಕ್ಕೆ ಕೂಡಿಬರುತ್ತದೆ: ಪ್ರತಿಯೊಬ್ಬರೂ ಹೊಸ ಇಬ್ಬರಿಗೆ ದಾಟಿಸಿದರೆ ಹತ್ತನೆಯ ಸುತ್ತಿನಲ್ಲೇ 1,024 ಮಂದಿ, ಸರಾಸರಿ ಒಂದಕ್ಕಿಂತ ಕೆಳಗಿಳಿದರೆ ನಂದಿಹೋಗುತ್ತದೆ. ಆದರೆ ಜ್ವರ ತಾನಾಗಿ ಇಳಿಯುತ್ತದೆ. ಸುದ್ದಿ ಹೇಳುವವನ ಉಮೇದು ಇಳಿಯುವುದು ಎದುರಿನವರು "ಅದು ಗೊತ್ತುಂಟು" ಎಂದಾಗ. ಈ ವ್ಯತ್ಯಾಸವನ್ನು 1964ರಲ್ಲಿ ಡೇಲಿ ಮತ್ತು ಕೆಂಡಾಲ್ ಎಂಬ ಗಣಿತಜ್ಞರು ಸೂತ್ರಕ್ಕಿಳಿಸಿದರು.

ಒಂದೇ ಕುಟುಂಬದ ಗ್ರೂಪಿನಲ್ಲಿ ಆ "ಗೊತ್ತುಂಟು" ಬೇಗ ಬರುತ್ತದೆ. ಸುದ್ದಿ ಬದುಕಬೇಕಾದರೆ ಬೇರೆ ಗುಂಪಿಗೆ ದಾಟಬೇಕು. ಅದಕ್ಕೆ ಕಾಲುಸಂಕವಾಗುವವರು ಆಪ್ತರಲ್ಲ, ಅಪರೂಪಕ್ಕೆ ಸಿಗುವ ಪರಿಚಯಸ್ಥರು ಎಂದು 1973ರಲ್ಲಿ ವಾದಿಸಿದವರು ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್. ಆಪ್ತರಿಗೆ ತಿಳಿದದ್ದು ನಮಗೂ ಆಗಲೇ ತಿಳಿದಿರುತ್ತದಲ್ಲ! ಕಾಸರಗೋಡಿನಲ್ಲಂತೂ ಎರಡು ಭಾಷೆ ಬಲ್ಲವರೆಲ್ಲ ಇಂಥ ಸಂಕಗಳೇ. ಮಲಯಾಳದಲ್ಲಿ ಹಳಸಿದ್ದು ಕನ್ನಡದಲ್ಲಿ ಹೊಸತು, ತುಳುವಿನಲ್ಲಿ ಇನ್ನೂ ಹೊಸತು. ದಾಟಿಸುವಾಗ ಕೈಯಿಂದ ಏನಾದರೂ ಜಾರಿ ಹೊಳೆಗೆ ಬೀಳುವುದೂ ಇಲ್ಲಿಯೇ.

ವಾಟ್ಸ್‌ಆ್ಯಪ್‌ಗೆ ಈ ಸಂಕ ಕಾಣುವುದಿಲ್ಲ. 2018ರಲ್ಲಿ ಅದು ಭಾರತದಲ್ಲಿ ಫಾರ್ವರ್ಡನ್ನು ಒಮ್ಮೆಗೆ ಐದು ಚಾಟ್‌ಗಳಿಗೆ ಸೀಮಿತಗೊಳಿಸಿತು. 2020ರಿಂದ, ಐದು ಕೈ ದಾಟಿ ಬಂದದ್ದನ್ನು (ಅದರ ನೆತ್ತಿಯ ಮೇಲೆ ಎರಡು ಬಾಣಗಳ ಗುರುತಿರುತ್ತದೆ) ಒಮ್ಮೆಗೆ ಒಂದೇ ಚಾಟ್‌ಗೆ ಕಳಿಸಬಹುದು. ಆದರೆ ಅದು ಎಣಿಸುವುದು ಫಾರ್ವರ್ಡ್ ಒತ್ತಿದ್ದನ್ನು. ನಾನು ಕನ್ನಡದಲ್ಲಿ ಹೊಸದಾಗಿ ಟೈಪ್ ಮಾಡಿದ್ದೆ. ಎಣಿಕೆ ಮತ್ತೆ ಸೊನ್ನೆಯಿಂದ ಶುರು. ಜೊತೆಗೆ, ಮನೆಯವನೇ ಬರೆದದ್ದು ಎಂಬ ನಂಬಿಕೆ ಬೇರೆ.

ತಿದ್ದುಪಡಿಯನ್ನೇನೋ ಕೂಡಲೇ ಹಾಕಿದೆ. ಟ್ವಿಟರ್‌ನಲ್ಲಿ 2006ರಿಂದ 2017ರವರೆಗೆ ಓಡಾಡಿದ ಸುಮಾರು 1,26,000 ಸುದ್ದಿಗಳನ್ನು ಜಾಲಾಡಿದ, ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರ ಪ್ರಕಾರ, 1,500 ಜನರನ್ನು ಮುಟ್ಟಲು ನಿಜಕ್ಕೆ ಸುಳ್ಳಿಗಿಂತ ಸುಮಾರು ಆರು ಪಟ್ಟು ಸಮಯ ಹಿಡಿಯಿತು. ಸುಳ್ಳಿನಲ್ಲಿ ಹೊಸತನ ಹೆಚ್ಚು ಎಂಬುದು ಅವರು ಕಂಡುಕೊಂಡ ಒಂದು ಕಾರಣ. "ನಾಳೆ ಶಾಲೆ ಉಂಟು" ಎನ್ನುವುದರಲ್ಲಿ ಯಾರಿಗೆ ಏನು ಹೊಸತು?

ಮರುದಿನ ಬೆಳಿಗ್ಗೆ ಸುಳ್ಯದ ಪರಿಚಯಸ್ಥರೊಬ್ಬರಿಂದ ಅದೇ ಸಂದೇಶ, ನನ್ನ ಕಾಗುಣಿತದ ತಪ್ಪಿನ ಸಮೇತ, ನನಗೇ ಬಂತು. ಅದರ ನೆತ್ತಿಯ ಮೇಲೆ ಆಗಲೇ ಎರಡು ಬಾಣಗಳಿದ್ದವು.