ಗ್ರಾಫಿಕ್ಸ್ ಕಾರ್ಡ್ ಹಾಕಿದ ಮೇಲೆ ಸಿಸ್ಟಂ ಆನ್ ಆಗದಿದ್ದರೆ: ಹಾರ್ಡ್‌ವೇರ್ ಕಲಿಯುವವರಿಗೆ ಟಿಪ್ಪಣಿ

ರಾಯಚೂರು, ಸಿಂಧನೂರು ಕಡೆಯ ಫೋಟೋ ಸ್ಟುಡಿಯೋಗಳಲ್ಲಿ ಈಗ ಮದುವೆ ವಿಡಿಯೋ ಎಲ್ಲ 4ಕೆ. ಹಳೇ ಗ್ರಾಫಿಕ್ಸ್ ಕಾರ್ಡ್ ಸಾಲುವುದಿಲ್ಲ ಅಂತ ಹೊಸದು ಹಾಕಿಸುತ್ತಾರೆ. ಆಮೇಲೆ ಅಂಗಡಿಗೆ ಬರುವ ದೂರು ಒಂದೇ: "ಕಾರ್ಡ್ ಹಾಕಿದ ಮ್ಯಾಲೆ ಸಿಸ್ಟಂ ಸ್ಟಾರ್ಟ ಆಗವಲ್ದು ನೋಡ್ರಿ."

ಈ ಮಾತು ಕೇಳಿ ಸ್ಕ್ರೂಡ್ರೈವರ್ ಎತ್ತಿಕೊಳ್ಳಬೇಡಿ. ಮೊದಲು ಕೇಳಬೇಕಾದ್ದು: "ಬಟನ್ ಒತ್ತಿದ್ರ ಫ್ಯಾನ್ ತಿರುಗತಾವೇನ್ರಿ?" ಫ್ಯಾನೇ ತಿರುಗದಿರುವುದು ಒಂದು ತೊಂದರೆ. ಒಂದು ಕ್ಷಣ ತಿರುಗಿ ನಿಲ್ಲುವುದು ಇನ್ನೊಂದು. ತಿರುಗುತ್ತಲೇ ಇದ್ದು ಡಿಸ್‌ಪ್ಲೇ ಬರದಿರುವುದು ಬೇರೆ, ಡಿಸ್‌ಪ್ಲೇ ಬಂದು ವಿಂಡೋಸ್ ಹತ್ತಿರ ಸಿಕ್ಕಿಕೊಳ್ಳುವುದು ಬೇರೆ. ಎಲ್ಲದಕ್ಕೂ ಜನ ಹೇಳುವುದು "ಸ್ಟಾರ್ಟ್ ಆಗ್ತಿಲ್ಲ" ಅಂತಲೇ.

ಉತ್ತರ ಸಿಕ್ಕ ಮೇಲೆ ಪವರ್ ಕೇಬಲ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿದು ಉಳಿದ ಚಾರ್ಜ್ ಇಳಿಸಿ, ಹೊಸ ಕಾರ್ಡ್ ತೆಗೆದು ಹಳೇದು ಹಾಕಿ ನೋಡಿ. ಸಿಸ್ಟಂ ಎದ್ದರೆ ಮದರ್‌ಬೋರ್ಡ್, ರ‍್ಯಾಮ್, ಪ್ರೊಸೆಸರ್ ಬಹುಪಾಲು ಸರಿ ಇವೆ ಅಂತ ಅರ್ಥ. ಆದರೆ ಹೊಸ ಕಾರ್ಡ್ ಕೆಟ್ಟಿದೆ ಅಂತ ಅರ್ಥ ಅಲ್ಲ. ನಮ್ಮಲ್ಲಿ ಬಹಳ ಜನ ಇಲ್ಲೇ ನಿಲ್ಲಿಸಿ ಕಾರ್ಡನ್ನು ವಾರಂಟಿಗೆ ಕಳಿಸಿಬಿಡುತ್ತಾರೆ. ನನ್ನ ಪ್ರಕಾರ ಮೊದಲು ಅನುಮಾನ ಪಡಬೇಕಾದ್ದು ಎಸ್‌ಎಂಪಿಎಸ್ ಮೇಲೆ, ಅಂದರೆ ಸಿಸ್ಟಂಗೆ ಪವರ್ ಕೊಡುವ ಡಬ್ಬಿ ಮೇಲೆ.

ಲೆಕ್ಕ ಹೀಗಿದೆ. ಕಾರ್ಡ್ ಕೂರುವ ಪಿಸಿಐಇ ಸ್ಲಾಟ್ ಕೊಡುವುದು ಹೆಚ್ಚೆಂದರೆ 75 ವ್ಯಾಟ್. 6 ಪಿನ್ ಕನೆಕ್ಟರ್ ಇನ್ನೊಂದು 75, 8 ಪಿನ್‌ದು 150. ಜಿಟಿಎಕ್ಸ್ 1650 ಕಾರ್ಡ್‌ಗಳಲ್ಲಿ ಅನೇಕವು ಸ್ಲಾಟ್ ಪವರ್‌ನಲ್ಲೇ ನಡೆಯುತ್ತವೆ. ಆರ್‌ಟಿಎಕ್ಸ್ 3060ಗೆ ಬೇಕಾದ್ದು 170 ವ್ಯಾಟ್. ಅದಕ್ಕೆ ಎನ್‌ವಿಡಿಯಾ ಹೇಳುವುದು 550 ವ್ಯಾಟ್ ಎಸ್‌ಎಂಪಿಎಸ್. ಈಗ ಕ್ಯಾಬಿನೆಟ್ ಜೊತೆಗೇ ಬಂದ ಎಸ್‌ಎಂಪಿಎಸ್‌ನ ಸ್ಟಿಕ್ಕರ್ ಓದಿ. ದೊಡ್ಡ ಅಕ್ಷರದಲ್ಲಿ 450 ಅಂತ ಇರುತ್ತದೆ. ಅದನ್ನು ಬಿಡಿ, ಕೆಳಗಿನ ಸಣ್ಣ ಪಟ್ಟಿಯಲ್ಲಿ 12 ವೋಲ್ಟ್ ಲೈನ್ ಎದುರು ಎಷ್ಟು ಆಂಪಿಯರ್ ಇದೆ ನೋಡಿ. 18 ಇದ್ದರೆ 12 ಗುಣಿಸು 18, ಅಂದರೆ 216 ವ್ಯಾಟ್ ಅಷ್ಟೇ. ಕಾರ್ಡ್, ಪ್ರೊಸೆಸರ್ ಎರಡೂ ಕುಡಿಯುವುದು ಇದೇ ಲೈನ್‌ನಿಂದ. ಕಾರ್ಡ್ ಕ್ಷಣಮಾತ್ರ ಜಾಸ್ತಿ ಎಳೆದರೂ ಸಾಕು, ಎಸ್‌ಎಂಪಿಎಸ್ ತನ್ನನ್ನು ಕಾಪಾಡಿಕೊಳ್ಳಲು ಬಂದ್ ಆಗುತ್ತದೆ.

ಕನೆಕ್ಟರ್ ವಿಷಯದಲ್ಲಿ ಸ್ವಲ್ಪ ಹುಷಾರು. ಪ್ರೊಸೆಸರ್‌ಗೆ ಹೋಗುವ 8 ಪಿನ್ ಸಾಮಾನ್ಯವಾಗಿ 4+4, ಕಾರ್ಡ್‌ಗೆ ಹೋಗುವುದು 6+2. ನೋಡೋಕೆ ಅಣ್ಣ ತಮ್ಮ ಇದ್ದ ಹಾಗೆ. ಆದರೆ ಒಂದರಲ್ಲಿ 12 ವೋಲ್ಟ್ ಇರುವ ಸಾಲಿನಲ್ಲಿ ಇನ್ನೊಂದರಲ್ಲಿ ಗ್ರೌಂಡ್ ಇರುತ್ತದೆ. ಸಲೀಸಾಗಿ ಕೂರದಿದ್ದರೆ ಒತ್ತಬೇಡಿ. ಕೇಬಲ್ ಬಿಚ್ಚಿ ಹಾಕುವಂಥ ಮಾಡ್ಯುಲರ್ ಎಸ್‌ಎಂಪಿಎಸ್ ಆದರೆ, ಬೇರೆ ಎಸ್‌ಎಂಪಿಎಸ್‌ನ ಕೇಬಲ್ ಕೂರುತ್ತದೆ ಅಂತ ಹಾಕಲೇಬೇಡಿ. ಎಸ್‌ಎಂಪಿಎಸ್ ಕಡೆಯ ಪಿನ್ ಜೋಡಣೆ ಕಂಪನಿಯಿಂದ ಕಂಪನಿಗೆ ಬೇರೆ. ಕಾರ್ಡ್, ಡಿಸ್ಕ್ ಸುಟ್ಟುಹೋಗಬಹುದು.

ಹಸಿರು ವೈರ್ ಮತ್ತು ಕಪ್ಪು ವೈರ್ ಸೇರಿಸಿ ಎಸ್‌ಎಂಪಿಎಸ್ ಆನ್ ಮಾಡುವ ಪರೀಕ್ಷೆ ಎಲ್ಲರೂ ಕಲಿತಿರುತ್ತೀರಿ. ಹಳದಿ ವೈರ್‌ನಲ್ಲಿ ಮಲ್ಟಿಮೀಟರ್ 11.4ರಿಂದ 12.6ರ ನಡುವೆ ತೋರಿಸಬೇಕು. ಆದರೆ ಲೋಡ್ ಇಲ್ಲದೆ ಸರಿ ತೋರಿಸಿದ್ದು ಲೋಡ್ ಬಿದ್ದಾಗಲೂ ಸರಿ ಇರುತ್ತದೆ ಅನ್ನೋ ಹಾಗಿಲ್ಲ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ಕೇಬಲ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್ ಶಾಕ್ ಕೊಡುತ್ತದೆ.

ಇನ್ನು ಯುಪಿಎಸ್. ಪುಸ್ತಕದಲ್ಲಿ ಇದು ಸಿಗುವುದಿಲ್ಲ, ನಮ್ಮೂರಲ್ಲಿ ಮಾತ್ರ ದಿನಾ ಸಿಗುತ್ತದೆ. ಕರೆಂಟ್ ಹೋಗಿ ಬರುವ ಕಡೆ ಕಂಪ್ಯೂಟರ್ ಪಕ್ಕ ಸಾಮಾನ್ಯವಾಗಿ ಒಂದು 600 ವಿಎ ಡಬ್ಬಿ ಇರುತ್ತದೆ. ಅದು ತಡೆಯುವುದು ಸುಮಾರು 360 ವ್ಯಾಟ್, ಬ್ಯಾಟರಿ ಹಳೇದಾದರೆ ಅಷ್ಟೂ ಇಲ್ಲ. ಬೇಸಿಗೆಯಲ್ಲಿ ವೋಲ್ಟೇಜ್ ಇಳಿದಾಗ ಯುಪಿಎಸ್ ಬ್ಯಾಟರಿಗೆ ಹಾರುತ್ತದೆ, ಹೊಸ ಕಾರ್ಡ್‌ನ ಲೋಡ್ ತಾಳದೆ ಕೂಗಿಕೊಂಡು ಆಫ್ ಆಗುತ್ತದೆ. ಆ ಕೂಗನ್ನೇ ಮದರ್‌ಬೋರ್ಡ್ ಬೀಪ್ ಅಂತ ತಿಳಿದವರೂ ಇದ್ದಾರೆ. ಅಂಗಡಿಯಲ್ಲಿ ಓಡುವ ಸಿಸ್ಟಂ ಸ್ಟುಡಿಯೋದಲ್ಲಿ ಓಡದಿದ್ದರೆ, ಯುಪಿಎಸ್ ಬಿಟ್ಟು ನೇರ ಗೋಡೆಯ ಪ್ಲಗ್‌ಗೆ ಹಾಕಿ ನೋಡಿ.

ಫ್ಯಾನ್ ತಿರುಗಿಯೂ ಡಿಸ್‌ಪ್ಲೇ ಬರದಿದ್ದರೆ ಮಾನಿಟರ್ ಕೇಬಲ್ ಎಲ್ಲಿದೆ ನೋಡಿ. ಕಾರ್ಡ್ ಹಾಕಿದ ಮೇಲೂ ಮದರ್‌ಬೋರ್ಡ್ ಪೋರ್ಟ್‌ನಲ್ಲೇ ಇರುತ್ತದೆ, ನಗಬೇಡಿ. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ 'ಎಫ್' ಇರುವ ಪ್ರೊಸೆಸರ್, ರೈಜನ್ 5 3600, 5600ಗಳಲ್ಲಿ ಒಳಗಿನ ಗ್ರಾಫಿಕ್ಸೇ ಇಲ್ಲ. ಅಲ್ಲಿ ಆ ಪೋರ್ಟ್ ಸುಮ್ನೆ ಇರುತ್ತದೆ ಅಷ್ಟೇ. ಆಮೇಲೆ ಕಾರ್ಡ್ ತೆಗೆದು, ಸ್ಲಾಟ್‌ನ ಧೂಳು ಊದಿ, ಲಾಚ್ 'ಟಕ್' ಅನ್ನುವವರೆಗೆ ಮತ್ತೆ ಕೂರಿಸಿ. ಮದರ್‌ಬೋರ್ಡ್‌ನಲ್ಲಿ ವಿಜಿಎ ಅಂತ ಬರೆದ ಸಣ್ಣ ಲೈಟ್ ಉರಿಯುತ್ತಿದ್ದರೆ ಸಿಕ್ಕಿಕೊಂಡಿರುವುದು ಕಾರ್ಡ್ ಹತ್ತಿರವೇ.

ಹಳೇ ಬೋರ್ಡ್ ಆದರೆ ಬಯಾಸ್ ಕಡೆ, ಅಂದರೆ ಸಿಸ್ಟಂ ಏಳಿಸುವ ಮದರ್‌ಬೋರ್ಡ್‌ನ ಪ್ರೋಗ್ರಾಂ ಕಡೆ ಬನ್ನಿ. ಸಿಆರ್2032 ಬ್ಯಾಟರಿ ತೆಗೆದು ಐದು ನಿಮಿಷ ಬಿಟ್ಟು ಹಾಕಿದರೆ ಸೆಟ್ಟಿಂಗ್ ಮೊದಲಿನಂತಾಗುತ್ತದೆ. ಬಯಾಸ್ ಅಪ್‌ಡೇಟ್ ಬೇಕಿದ್ದರೆ ಹಳೇ ಕಾರ್ಡ್ ಹಾಕಿಕೊಂಡೇ ಮಾಡಿ, ಅದೂ ಕರೆಂಟ್ ಗ್ಯಾರಂಟಿ ಇರುವಾಗ. ಬಯಾಸ್‌ನಲ್ಲಿ ಸಿಎಸ್‌ಎಂ (ಹಳೇ ರೀತಿಯ ಬೂಟ್‌ಗೆ ಅವಕಾಶ ಕೊಡುವ ಸೆಟ್ಟಿಂಗ್) ಆಫ್ ಮಾಡಿದ ಮೇಲೆ ಡಿಸ್‌ಪ್ಲೇ ಬಂದು ವಿಂಡೋಸ್ ಬರದಿದ್ದರೆ ಡಿಸ್ಕ್ ಇನ್ನೂ ಎಂಬಿಆರ್ ಅನ್ನೋ ಹಳೇ ಪಾರ್ಟಿಶನ್ ಪದ್ಧತಿಯಲ್ಲಿರಬಹುದು. ಕಾರ್ಡ್‌ಗೂ ಅದಕ್ಕೂ ಸಂಬಂಧ ಇಲ್ಲ. ವಿಂಡೋಸ್ ಲೋಡ್ ಆಗುವಾಗ ಕಪ್ಪಾದರೆ ಸೇಫ್ ಮೋಡ್‌ಗೆ ಹೋಗಿ ಹಳೇ ಡ್ರೈವರ್ ತೆಗೆಯಿರಿ.

ಇಷ್ಟೂ ಆದ ಮೇಲೆ ಕಾರ್ಡನ್ನು ಒಳ್ಳೆ ಎಸ್‌ಎಂಪಿಎಸ್ ಇರುವ ಇನ್ನೊಂದು ಸಿಸ್ಟಂನಲ್ಲಿ ಹಾಕಿ. ಅಲ್ಲೂ ಏಳದಿದ್ದರೆ ಬಿಲ್, ಬಾಕ್ಸ್ ಸಮೇತ ವಾರಂಟಿಗೆ ಕಳಿಸಿ. ಕಳಿಸುವ ಮುಂಚೆ ಸೀರಿಯಲ್ ನಂಬರಿನ ಫೋಟೋ ತೆಗೆದಿಟ್ಟುಕೊಳ್ಳಿ, ಆ ಸ್ಟಿಕ್ಕರ್ ಕಿತ್ತುಹೋದರೆ ವಾರಂಟಿಯವರು ಕಾರ್ಡ್ ಮುಟ್ಟುವುದೂ ಕಷ್ಟ.