ಓರೆ ಬೆಟ್ಟದ ಹುಳಿ ದ್ರಾಕ್ಷಿ

ಬೆಂಗಳೂರಿನ ಯಾವುದಾದರೂ ಬಡಾವಣೆಯಲ್ಲಿ ತಾರಸಿ ಹತ್ತಿ ನೋಡಿ. ಬಿಸಿನೀರಿನ ಸೋಲಾರ್ ಹಲಗೆಗಳೆಲ್ಲ ದಕ್ಷಿಣಕ್ಕೆ ಮುಖ ಮಾಡಿ ಓರೆಯಾಗಿ ಕೂತಿರುತ್ತವೆ. ಸುಮ್ನೆ ಮಲಗಿಸಿಬಿಟ್ಟರೆ, ಬಿಸಿನೀರು ಬೇಕೇ ಬೇಕು ಅನ್ನಿಸುವ ಡಿಸೆಂಬರಿನಲ್ಲೇ ಬಿಸಿಲು ಸರಿಯಾಗಿ ಬೀಳುವುದಿಲ್ಲ. ಜರ್ಮನಿಯ ಮೋಸೆಲ್ ನದಿಯ ದಂಡೆಯಲ್ಲಿ ವೈನ್ ದ್ರಾಕ್ಷಿ ಬೆಳೆಯುವವರು ನೂರಾರು ವರ್ಷಗಳಿಂದ ನೆಚ್ಚಿಕೊಂಡಿರುವುದು ಇದೇ ಉಪಾಯವನ್ನು. ಅಲ್ಲಿ ಹಲಗೆಯ ಜಾಗದಲ್ಲಿ ಇಡೀ ಬೆಟ್ಟವಿದೆ, ಅಷ್ಟೇ.

ಮೋಸೆಲ್ ಕಣಿವೆ ಇರುವುದು ಸುಮಾರು 50 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಲ್ಲಿನ ಮುಖ್ಯ ತಳಿ ರೀಸ್ಲಿಂಗ್ ಅನ್ನುವ ಬಿಳಿ ದ್ರಾಕ್ಷಿ. ಅದಕ್ಕೆ ಯಾವ ಅವಸರವೂ ಇಲ್ಲ, ಹಣ್ಣಾಗುವ ಹೊತ್ತಿಗೆ ಅಕ್ಟೋಬರ್ ಬಂದಿರುತ್ತದೆ. ಆ ತಿಂಗಳ ನಡುವೆ ಮಟಮಟ ಮಧ್ಯಾಹ್ನದಲ್ಲೂ ಸೂರ್ಯ ಅಲ್ಲಿ ದಿಗಂತದಿಂದ ಸುಮಾರು 32 ಡಿಗ್ರಿಗಿಂತ ಮೇಲೇರುವುದಿಲ್ಲ. ಸಪಾಟು ನೆಲದ ಮೇಲೆ ಅಂಥ ಬಿಸಿಲು ಉದ್ದಕ್ಕೆ ಹರಡಿ ತೆಳುವಾಗುತ್ತದೆ. ನೆಟ್ಟಗೆ ಬಿದ್ದಿದ್ದರೆ ಸಿಗುತ್ತಿದ್ದ ನೇರ ಬಿಸಿಲಿನಲ್ಲಿ ಹೆಚ್ಚುಕಮ್ಮಿ ಅರ್ಧ ಮಾತ್ರ ಸಿಗುತ್ತದೆ. ದಕ್ಷಿಣಕ್ಕೆ 30 ಡಿಗ್ರಿ ಇಳಿಜಾರು ಇದ್ದರೆ 100ರಲ್ಲಿ 88 ಪಾಲು. 60 ಡಿಗ್ರಿ ಇದ್ದರೆ ಪೂರ್ತಿ. ಬ್ರೆಮ್ ಎಂಬ ಊರಿನ ಕಾಲ್ಮಾಂಟ್ ಬೆಟ್ಟ ಕೆಲವು ಕಡೆ ಸುಮಾರು 65 ಡಿಗ್ರಿ ಕಡಿದಾಗಿದೆ. ಗೋಡೆಗೆ ಒರಗಿಸಿದ ಏಣಿ ಇರುತ್ತಲ್ಲ, ಬಹುತೇಕ ಹಾಗೆ. ಅಲ್ಲಿಗೆ ಟ್ರ್ಯಾಕ್ಟರ್ ಹತ್ತುವುದಿಲ್ಲ. ಒಂದೇ ಹಳಿಯ ಮೇಲೆ ತೆವಳುವ ಪುಟ್ಟ ಗಾಡಿಯಲ್ಲಿ ಜನರೂ ಹಣ್ಣಿನ ಬುಟ್ಟಿಗಳೂ ಮೇಲೆ ಕೆಳಗೆ ಓಡಾಡುತ್ತವೆ. ಕೊಯ್ಲು ಕೈಯಲ್ಲೇ ಆಗಬೇಕು.

ಆ ಬೆಟ್ಟಗಳ ಕಲ್ಲು ನಮಗೆ ಹೊಸದೇನಲ್ಲ. ಹಿಂದೆ ಶಾಲೆಗೆ ಒಯ್ಯುತ್ತಿದ್ದ ಸ್ಲೇಟು ನೆನಪಿದೆಯಲ್ವಾ? ಅದೇ ಜಾತಿಯ ಕಲ್ಲು, ಸುಮಾರು 40 ಕೋಟಿ ವರ್ಷ ಹಳೆಯದು. ಚೂರುಚೂರಾಗಿ ನೆಲದ ಮೇಲೆಲ್ಲ ಬಿದ್ದಿರುತ್ತದೆ. ಬಣ್ಣ ಕಪ್ಪಗಿರುವುದರಿಂದ ಹಗಲೆಲ್ಲ ಬಿಸಿಲು ಹೀರಿ, ಕತ್ತಲಾದ ಮೇಲೆ ಬಳ್ಳಿಯ ಬುಡಕ್ಕೆ ಶಾಖ ಬಿಡುತ್ತದೆ. ಮಳೆನೀರು ನಿಲ್ಲದೆ ಕೆಳಗಿಳಿಯುತ್ತದೆ. ತಣ್ಣನೆಯ ಗಾಳಿ ಭಾರ. ಅದೂ ನೀರಿನ ಹಾಗೆಯೇ ಇಳಿಜಾರಿನಲ್ಲಿ ಜಾರಿಹೋಗುವುದರಿಂದ, ವಸಂತದಲ್ಲಿ ಚಿಗುರನ್ನು ಸುಡುವ ಹಿಮದ ಕಾಟ ತಗ್ಗಿನ ತೋಟಕ್ಕಿಂತ ಇಲ್ಲಿ ಕಡಿಮೆ. ವೈನಿನಲ್ಲಿ ಈ ಕಲ್ಲಿನ ರುಚಿಯೇ ಬರುತ್ತದೆ ಅಂತ ಮಾರುವವರು ಹೇಳುತ್ತಾರೆ. ಬೇರು ಕಲ್ಲಿನ ರುಚಿಯನ್ನು ಹೀರಿ ಹಣ್ಣಿಗೆ ಸಾಗಿಸುತ್ತದೆ ಅನ್ನುವುದಕ್ಕೆ ಆಧಾರವಿಲ್ಲ. ಕಥೆ ಚೆನ್ನಾಗಿದೆ ಅಂತ ಬಿಟ್ಟುಬಿಡೋಣ.

ಇಷ್ಟೆಲ್ಲ ಒದ್ದಾಡುವ ಬದಲು ಬಿಸಿ ದೇಶದಲ್ಲೇ ಬೆಳೆಯಬಹುದಿತ್ತಲ್ಲ? ಇಲ್ಲಿ ನನಗೆ ಬಹಳ ಹಿಡಿಸಿದ ಸಂಗತಿಯೊಂದಿದೆ. ದ್ರಾಕ್ಷಿಯಲ್ಲಿ ಮುಖ್ಯವಾಗಿ ಎರಡು ಹುಳಿಗಳಿವೆ. ಒಂದು ಟಾರ್ಟಾರಿಕ್ ಆಮ್ಲ, ನಮ್ಮ ಹುಣಸೆಹಣ್ಣಿನ ಹುಳಿಯೂ ಅದೇ. ಇನ್ನೊಂದು ಮ್ಯಾಲಿಕ್ ಆಮ್ಲ, ಸೇಬಿನ ಹುಳಿ. ಹಣ್ಣಾಗುವಾಗ ದ್ರಾಕ್ಷಿ ಈ ಎರಡನೆಯದನ್ನು ಸೌದೆಯಂತೆ ಉರಿಸಿಕೊಳ್ಳುತ್ತದೆ. ಸೆಕೆ ಜಾಸ್ತಿಯಾದಷ್ಟೂ ಅದು ಬೇಗ ಖಾಲಿ. ಸಕ್ಕರೆ ಮಾಡುವುದು ಎಲೆಗಳ ಕೆಲಸ, ಅದಕ್ಕೆ ಬೇಕಾದದ್ದು ಬೆಳಕು. ಬೆಟ್ಟದ ಓರೆ ಹಗಲಿನಲ್ಲಿ ಬೆಳಕು ಹಿಡಿದುಕೊಡುತ್ತದೆ. ಕಲ್ಲು ಎಷ್ಟೇ ಬೆಚ್ಚಗಿದ್ದರೂ ಅಕ್ಟೋಬರಿನ ರಾತ್ರಿ ತಣ್ಣಗೇ ಇರುತ್ತದೆ, ಹುಳಿ ಉಳಿಯುತ್ತದೆ. ಹಾಗಾಗಿ ಸಿಹಿಯೂ ಹುಳಿಯೂ ಒಟ್ಟಿಗೆ ಸಿಗುತ್ತವೆ. ಅಲ್ಲಿನ ಹಲವರು ಹುದುಗು ಮುಗಿಯುವ ಮೊದಲೇ ನಿಲ್ಲಿಸಿ ವೈನಿನಲ್ಲಿ ಸ್ವಲ್ಪ ಸಕ್ಕರೆ ಉಳಿಸುತ್ತಾರೆ. ನಿಂಬೆ ಶರಬತ್ತಿನ ಲೆಕ್ಕವೇ ಇದು. ಹುಳಿ ಇಲ್ಲದಿದ್ದರೆ ಬರೀ ಸಕ್ಕರೆ ನೀರು.

1787ರಲ್ಲಿ ಈ ಸೀಮೆಯನ್ನು ಆಳುತ್ತಿದ್ದ ಟ್ರಿಯರ್‌ನ ಆರ್ಚ್‌ಬಿಷಪ್ ಕ್ಲೆಮೆನ್ಸ್ ವೆನ್ಸೆಸ್ಲಾಸ್, ಕೀಳು ತಳಿಗಳನ್ನು ಕಿತ್ತು ಒಳ್ಳೆಯ ಬಳ್ಳಿ ನೆಡಬೇಕೆಂದು ಆಜ್ಞೆ ಹೊರಡಿಸಿದರು. ರೀಸ್ಲಿಂಗ್ ಇಲ್ಲಿ ಇಷ್ಟು ಹಬ್ಬಿದ್ದು ಆಮೇಲೆ.

ಹವೆ ಬಿಸಿಯಾಗುತ್ತಿರುವುದರಿಂದ ಬಿಸಿಲು-ಚಳಿಯ ಆ ಲೆಕ್ಕ ಈಗ ಏರುಪೇರಾಗುತ್ತಿದೆ. ಐಸ್‌ವೈನ್ ಅನ್ನುವ ವಿಶೇಷ ವೈನಿಗೆ ದ್ರಾಕ್ಷಿಯನ್ನು ಬಳ್ಳಿಯಲ್ಲೇ ಹೆಪ್ಪುಗಟ್ಟಲು ಬಿಡುತ್ತಾರೆ. ಮೈನಸ್ 7 ಡಿಗ್ರಿಯೋ ಅದಕ್ಕಿಂತ ಕೆಳಗೋ ಇಳಿದ ರಾತ್ರಿ ಬಂದರೆ ನಸುಕಿನಲ್ಲೇ ಕೊಯ್ದು, ಕಲ್ಲಿನಂಥ ಹಣ್ಣನ್ನು ಹಾಗೇ ಹಿಂಡುತ್ತಾರೆ. ನೀರು ಮಂಜುಗಡ್ಡೆಯಾಗಿ ಒಳಗೇ ಉಳಿಯುತ್ತದೆ, ಗಟ್ಟಿ ಪಾಕ ಮಾತ್ರ ಹೊರಬರುತ್ತದೆ. 2019ರ ಬೆಳೆಗೆ ಅಂಥ ಚಳಿ ಬರಲೇ ಇಲ್ಲ. ಜರ್ಮನಿಯ ಯಾವ ಪ್ರಾಂತ್ಯದಲ್ಲೂ ಆ ವರ್ಷ ಐಸ್‌ವೈನ್ ಆಗಲಿಲ್ಲ. ಹಾಗೆ ಆದದ್ದು ಅದೇ ಮೊದಲು.

ಎಲ್ಲರಿಗೂ ನಷ್ಟವೇ ಅಂತಲ್ಲ. ಮೋಸೆಲ್‌ಗೆ ಸೇರುವ ಸಾರ್ ನದಿಯ ಕಣಿವೆ ಇನ್ನೂ ತಣ್ಣಗಿನ ಜಾಗ. ಅಲ್ಲಿ ಹಿಂದೆ ಎಷ್ಟೋ ವರ್ಷ ಹಣ್ಣು ಸರಿಯಾಗಿ ಮಾಗುತ್ತಲೇ ಇರಲಿಲ್ಲ, ಈಗ ಮಾಗುತ್ತದೆ. ಆದರೆ ಬಿಸಿಲು ಅತಿಯಾದರೆ ರೀಸ್ಲಿಂಗ್‌ಗೆ ಇನ್ನೊಂದು ತಾಪತ್ರಯವಿದೆ. ಹಣ್ಣಿನಲ್ಲಿ ಟಿಡಿಎನ್ ಎಂಬ ವಸ್ತುವಿನ ಮೂಲ ಪದಾರ್ಥಗಳು ಹೆಚ್ಚಾಗಿ, ವೈನ್ ಹಳೆಯದಾದಂತೆ ಸೀಮೆಎಣ್ಣೆಯ ವಾಸನೆ ಬರುತ್ತದೆ. ಒಂದಿಷ್ಟು ಇದ್ದರೆ ರಸಿಕರು ಮೆಚ್ಚುತ್ತಾರಂತೆ, ಸೀಮೆಎಣ್ಣೆಗೆ ಕ್ಯೂ ನಿಂತವರಿಗೆ ಆ ಮೋಹ ಅರ್ಥವಾಗುವುದು ಕಷ್ಟ. ಹಿಂದೆ ಗೊಂಚಲಿಗೆ ಬಿಸಿಲು ತಾಗಲಿ ಅಂತ ಸುತ್ತಲಿನ ಎಲೆಗಳನ್ನು ತೆಗೆಯುತ್ತಿದ್ದರು. ಸುಡುಬಿಸಿಲಿನ ವರ್ಷಗಳಲ್ಲಿ ಅದೇ ಎಲೆಗಳನ್ನು ನೆರಳಿಗೆ ಅಂತ ಬಿಡುತ್ತಾರೆ.